ಹೊಸ ಕಾಯಿಲ್, ಆದರೂ ಸುಟ್ಟ ರುಚಿ ಏಕೆ?

ಇ-ಸಿಗರೇಟಿಗೆ ಹೊಸ ಕಾಯಿಲ್ (ದ್ರವವನ್ನು ಕಾಯಿಸಿ ಆವಿ ಮಾಡುವ ತಂತಿಸುರುಳಿಯ ಬಿಡಿಭಾಗ) ಹಾಕಿದ ಮೊದಲ ದಮ್ಮಿಗೇ ಸುಟ್ಟ ರುಚಿ ಬಂತು ಎಂದಿದ್ದೀರಿ. ಬಹುಶಃ ಕಾಯಿಲಿನ ದೋಷವಲ್ಲ. ಒಳಗಿನ ಹತ್ತಿ ನೆನೆಯುವ ಮೊದಲೇ ಗುಂಡಿ ಒತ್ತಿದಂತಿದೆ. ಹತ್ತಿ ಒಮ್ಮೆ ಕರಕಲಾದರೆ ಮುಗಿಯಿತು, ಎಷ್ಟು ದ್ರವ ಸುರಿದರೂ ಆ ಸೀದ ರುಚಿ ಹೋಗುವುದಿಲ್ಲ. ಅದನ್ನು ಎಸೆಯಿರಿ. ಮುಂದಿನದರ ಪಕ್ಕದ ರಂಧ್ರಗಳಲ್ಲಿ ಇಣುಕುವ ಬಿಳಿ ಹತ್ತಿಗೆ ಎರಡು ಮೂರು ಹನಿ ಬಿಟ್ಟು, ಟ್ಯಾಂಕ್ ತುಂಬಿಸಿ, 10 ನಿಮಿಷ ಸುಮ್ಮನಿಡಿ. ಎಷ್ಟು ವ್ಯಾಟ್‌ನಿಂದ ಎಷ್ಟು ವ್ಯಾಟ್‌ವರೆಗೆ ಕಾಯಿಸಬಹುದು ಎಂಬ ಮಿತಿ ಸಾಮಾನ್ಯವಾಗಿ ಕಾಯಿಲ್ ಮೇಲೆಯೇ ಅಚ್ಚಾಗಿರುತ್ತದೆ. ಅದರ ಕನಿಷ್ಠ ಮಟ್ಟದಿಂದ ಆರಂಭಿಸಿ. ಗ್ಲಿಸರಿನ್ ಹೆಚ್ಚಿರುವ ಮಂದ ದ್ರವ ಹತ್ತಿಗೆ ನಿಧಾನವಾಗಿ ಇಳಿಯುತ್ತದೆ, ಹಾಗಾಗಿ ದಮ್ಮುಗಳ ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ. ಸುಟ್ಟ ರುಚಿಯನ್ನು ಸಹಿಸಿಕೊಂಡೇ ಎಳೆಯುವವರೂ ಇದ್ದಾರೆ, ಅದೇನು ಹಟವೋ! ದ್ರವ ಅತಿಯಾಗಿ ಕಾದಾಗ ಫಾರ್ಮಾಲ್ಡಿಹೈಡ್‌ನಂತಹ ವಿಷವೂ ಹುಟ್ಟುತ್ತದೆ.