ಜಗಳೂರಿನಿಂದ ದಾವಣಗೆರೆಗೆ: ಎದೆನೋವಿಗೂ ಶಿಫಾರಸು ಪತ್ರ ಬೇಕೇ?

ತಂದೆಯವರಿಗೆ ಎದೆನೋವು ಬಂದು ದಾವಣಗೆರೆಯ ಖಾಸಗಿ ಆಸ್ಪತ್ರೆಗೆ ಕರೆತಂದರೆ, ಬಿಪಿಎಲ್ ಕಾರ್ಡ್ ಇದ್ದರೂ ಸರ್ಕಾರಿ ಆಸ್ಪತ್ರೆಯ ಪತ್ರ ತನ್ನಿ, ಇಲ್ಲದಿದ್ದರೆ ಮುಂಗಡ ಕಟ್ಟಿ ಎಂದರು ಎಂದು ಬರೆದಿದ್ದೀರಿ. ಓದಿ ಬೇಸರವಾಯಿತು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪತ್ರದ ನಿಯಮ ಇರುವುದು ನಿಜ. ಮೊದಲೇ ನಿಗದಿ ಮಾಡಿಕೊಳ್ಳುವ ಶಸ್ತ್ರಚಿಕಿತ್ಸೆಗೆ ಚಿಗಟೇರಿ ಜಿಲ್ಲಾಸ್ಪತ್ರೆಯಂತಹ ಕಡೆಯಿಂದ ಶಿಫಾರಸು ಬೇಕು. ಆದರೆ ಯೋಜನೆ ಪಟ್ಟಿ ಮಾಡಿರುವ ತುರ್ತು ಚಿಕಿತ್ಸೆಗಳಿಗೆ ಪತ್ರ ಬೇಡ. ಯೋಜನೆಯಲ್ಲಿ ನೋಂದಾಯಿತವಾದ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ.

ಈಗಲೇ ಆಸ್ಪತ್ರೆಯೊಳಗಿನ ಆರೋಗ್ಯಮಿತ್ರರನ್ನು, ಅಂದರೆ ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿಯನ್ನು, ಹುಡುಕಿ. ಬಿಲ್ಲಿಂಗ್ ಕೌಂಟರಿನಲ್ಲಿ ವಾದಿಸುತ್ತಾ ಹೊತ್ತು ಕಳೆಯಬೇಡಿ. ನನ್ನ ಚಿಕ್ಕಮ್ಮನ ಸಲ ನಾವು ಅದೇ ತಪ್ಪು ಮಾಡಿದೆವು: ಮಡಚಿ ಮಡಚಿ ಹರಿದ ಪಡಿತರ ಚೀಟಿಯನ್ನು ಗಾಜಿನ ಕಿಂಡಿಯಲ್ಲಿ ಒಂದು ಗಂಟೆ ಹಿಡಿದು ನಿಂತೆವು, ಆರೋಗ್ಯಮಿತ್ರರ ಮೇಜು ಹಿಂದಿನ ಬಾಗಿಲ ಬಳಿಯೇ ಇತ್ತು. ಪಡಿತರ ಚೀಟಿ, ಆಧಾರ್ ಎರಡೂ ಕೈಯಲ್ಲಿರಲಿ.

ಮುಂಗಡದ ಮಾತು ಬೇರೆ. ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ಪ್ರಕಾರ, ತುರ್ತು ರೋಗಿಗೆ ಹಣ ಕಟ್ಟುವ ತನಕ ಚಿಕಿತ್ಸೆ ತಡೆಯುವಂತಿಲ್ಲ, ಯೋಜನೆಯಿರಲಿ, ಇಲ್ಲದಿರಲಿ. ಹಣ ಕಟ್ಟಿದ್ದರೆ ರಸೀದಿ ಬಿಡಬೇಡಿ. ದೂರು ಕೊಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.

ತಂದೆಯವರು ಈಗ ಹೇಗಿದ್ದಾರೆ? ದಯವಿಟ್ಟು ತಿಳಿಸಿ.