ಟೇಬಲ್ ನೋಡಿ ವಾಪಸ್ ಹೋಗಬೇಡಿ

ದಾವಣಗೆರೆಯ ವಿನೋಬನಗರದಿಂದ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಲದ ಪಾಲಿಕೆ ಚುನಾವಣೆಯಲ್ಲಿ ಮತಗಟ್ಟೆ ಇದ್ದ ಶಾಲೆಯ ಗೇಟಿನವರೆಗೂ ಬಾವುಟ, ಚಿಹ್ನೆಯ ಬೋರ್ಡು. ಕೈ ಹಿಡಿದು ಎಳೆಯುವುದೊಂದು ಬಾಕಿ. ಬೇಸರವಾಗಿ ಮತ ಹಾಕದೆ ವಾಪಸ್ ಬಂದೆ. ಜನ ಮತ ಹಾಕಲ್ಲ ಅಂತ ಬೈಯುವವರು ಇದನ್ನು ಯಾಕೆ ಕೇಳಲ್ಲ?"

ನಿಮ್ಮ ಸಿಟ್ಟು ಸರಿಯಾಗಿದೆ. ಆದರೆ "ವಾಪಸ್ ಬಂದೆ" ಅಂದಿದ್ದು ಓದಿ ನನಗೆ ನೋವಾಯಿತು.

ಮೊದಲು ಬೋರ್ಡಿನ ವಿಷಯ. ಮತದಾನದ ದಿನ ಮತಗಟ್ಟೆಯ 100 ಮೀಟರ್ ಒಳಗೆ ಮತ ಕೇಳುವುದು, ಚಿಹ್ನೆ ತೋರಿಸುವುದು ತಪ್ಪು. ಲೋಕಸಭೆ, ವಿಧಾನಸಭೆ ಚುನಾವಣೆಗಳಿಗೆ 1951ರ ಜನಪ್ರತಿನಿಧಿ ಕಾಯ್ದೆಯ 130ನೇ ಕಲಂ ಇದನ್ನೇ ಹೇಳುತ್ತದೆ. ದಂಡ ಮಾತ್ರ ಇವತ್ತಿಗೂ ಹೆಚ್ಚೆಂದರೆ 250 ರೂಪಾಯಿ! ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅಲ್ಲೂ ರಸ್ತೆ ಮೇಲೆ ಸುಣ್ಣದ ಗೆರೆ ಎಳೆದಿರುತ್ತಾರೆ. ಗೆರೆ ದಾಟಿ ಬೋರ್ಡು ಕಂಡರೆ ಅಲ್ಲಿರುವ ಪೊಲೀಸರಿಗೆ, ಮತಗಟ್ಟೆ ಅಧಿಕಾರಿಗೆ ಆಗಲೇ ಹೇಳಿ. ಹೊರಗಿನ ಬೋರ್ಡಿನ ಫೋಟೊ ಇದ್ದರೆ ಇನ್ನೂ ಒಳ್ಳೆಯದು.

ಆದರೆ ಜನರನ್ನು ದೂರ ಇಡುವುದು ಬೋರ್ಡಿಗಿಂತ ಜಾಸ್ತಿ, ಮತದಾರರ ಹೆಸರು ಹುಡುಕಿ ಚೀಟಿ ಕೊಡಲು ಅಭ್ಯರ್ಥಿಗಳ ಕಡೆಯವರು ಹಾಕಿಕೊಂಡು ಕೂರುವ ಟೇಬಲ್ಲು ಅನ್ನಿಸುತ್ತದೆ ನನಗೆ. 2019ರ ನವೆಂಬರ್ 12ರಂದು ನಮ್ಮ ಪಾಲಿಕೆಯ 45 ವಾರ್ಡುಗಳಿಗೆ ಮತದಾನ ಇತ್ತಲ್ಲ, ಅವತ್ತು ಮಂಡಕ್ಕಿ ಭಟ್ಟಿ ಕಡೆಯ ಒಂದು ಶಾಲೆ ಹತ್ತಿರ ನಿಂತಿದ್ದೆ. ಎದುರುಬದುರು ಎರಡು ಟೇಬಲ್. ಪಟ್ಟಿಯ ಮೇಲೆ ಸ್ಕೇಲ್ ಇಟ್ಟು ಒಬ್ಬ ಹುಡುಗ ಹೆಸರು ಹುಡುಕುತ್ತಿದ್ದ. ಕ್ರಮಸಂಖ್ಯೆ ಬರೆದು ಚೀಟಿ ಹರಿದು ಕೊಡುತ್ತಿದ್ದ. ಒಬ್ಬ ಅಜ್ಜಿ ನಡುರಸ್ತೆಯಲ್ಲಿ ಸೆರಗಿನ ತುದಿ ಹಿಡಿದು ನಿಂತಿದ್ದರು. ಯಾಕಮ್ಮ ಅಂದೆ. "ಇವನ ಹತ್ರ ಹೋದ್ರೆ ಅವನಿಗೆ ಸಿಟ್ಟು, ಅವನ ಹತ್ರ ಹೋದ್ರೆ ಇವನಿಗೆ. ಇಬ್ರೂ ನಮ್ಮ ಓಣಿ ಹುಡುಗ್ರೇ. ನಾಳೆ ನಳ ಬರ್ಲಿಲ್ಲ ಅಂದ್ರೆ ಯಾರನ್ನ ಕೇಳ್ಲಿ?" ಅಂದರು.

ದೊಡ್ಡ ಚುನಾವಣೆಯಲ್ಲಿ ಅಭ್ಯರ್ಥಿ ದೂರದವರು. ವಾರ್ಡಿನಲ್ಲಿ ಹಾಗಲ್ಲ, ಪಕ್ಕದ ಮನೆಯವರೇ ನಿಂತಿರುತ್ತಾರೆ. ಯಾವ ಟೇಬಲ್ಲಿನ ಚೀಟಿ ತಗೊಂಡಿರಿ ಅನ್ನುವುದು ಇಡೀ ಓಣಿಗೆ ಗೊತ್ತಾಗುತ್ತದೆ. ಗುಟ್ಟಾಗಿ ಹಾಕಬೇಕಾದ ಮತ ರಸ್ತೆಯಲ್ಲೇ ಅರ್ಧ ಬಯಲಾದ ಹಾಗೆ, ಅಲ್ವಾ? ಯಾರನ್ನೂ ಎದುರು ಹಾಕಿಕೊಳ್ಳೋದು ಬೇಡ ಅಂತ ಸುಮ್ನೆ ಮನೆಯಲ್ಲಿ ಕೂರುವವರನ್ನು ಸೋಮಾರಿಗಳು ಅಂತ ಬೈಯಲು ನನಗೆ ಬಾಯಿ ಬರುವುದಿಲ್ಲ.

ಆ ಅಜ್ಜಿಗೆ ಗೊತ್ತಿಲ್ಲದ ಒಂದು ವಿಷಯ ಇತ್ತು. ಚೀಟಿ ಬೇಕೇ ಬೇಕು ಅಂತೇನಿಲ್ಲ. ಪಟ್ಟಿಯಲ್ಲಿ ಹೆಸರಿದ್ದು, ಕೈಯಲ್ಲಿ ಗುರುತಿನ ಚೀಟಿ ಇದ್ದರೆ ಸಾಕು. ಒಳಗೆ ಮೊದಲು ಕೂತಿರುವ ಅಧಿಕಾರಿಯ ಮುಂದೆ ಪಟ್ಟಿ ಇರುತ್ತದೆ, ಅವರು ಹುಡುಕುತ್ತಾರೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ. ಇದನ್ನು ಹೇಳಿದಾಗ ಅಜ್ಜಿ ಎರಡೂ ಕಡೆ ನೋಡದೆ ಸೀದಾ ಗೇಟಿನೊಳಗೆ ನಡೆದರು.

ನೀವೂ ಮುಂದಿನ ಸಲ ಹೀಗೆ ಮಾಡಿ. ಪಟ್ಟಿ ಪ್ರಕಟವಾದ ಕೂಡಲೇ ನಿಮ್ಮ ಹೆಸರು ಯಾವ ವಾರ್ಡಿನಲ್ಲಿದೆ ಅಂತ ನೋಡಿಕೊಳ್ಳಿ. ಭಾಗಸಂಖ್ಯೆ, ಕ್ರಮಸಂಖ್ಯೆ ಒಂದು ಬಿಳಿ ಹಾಳೆಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಪಕ್ಕದ ಮನೆಯ ವಯಸ್ಸಾದವರಿಗೂ ಬರೆದು ಕೊಡಿ. ಮತ ಹಾಕಿ ಹೊರಗೆ ಬಂದ ಮೇಲೆ ಬೋರ್ಡಿನ ದೂರು ಕೊಡಿ. ಆ ದೂರಿನ ಒಂದು ಪ್ರತಿ ನಮಗೂ ಕಳಿಸಿ, ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ