ರೆಸಿಸ್ಟರ್ ಎದ್ದು ನಿಲ್ಲುತ್ತಿವೆ, ಮಷಿನ್ ತಗೊಳ್ಳಲಾ?

ಪ್ರಶ್ನೆ: ಸರ್, ನಾನು ಗಂಗಾವತಿಯಲ್ಲಿ ಪಂಪ್‌ಸೆಟ್ ಸ್ಟಾರ್ಟರ್‌ಗೆ ಕಂಟ್ರೋಲ್ ಬೋರ್ಡ್ ಮಾಡುತ್ತೇನೆ. ಒಂದು ಸಲಕ್ಕೆ ಐವತ್ತು ಬೋರ್ಡ್. ಸ್ಟೆನ್ಸಿಲ್‌ನಲ್ಲಿ (ತೂತುಗಳಿರುವ ತೆಳು ಹಾಳೆ) ಲೆಡ್ ಇರುವ ಸೋಲ್ಡರ್ ಪೇಸ್ಟ್, ಅಂದರೆ ಬೆಸುಗೆಯ ಪೇಸ್ಟ್ ಎಳೆದು, ಟ್ವೀಜರ್‌ನಿಂದ ಪಾರ್ಟ್ಸ್ ಕೂರಿಸಿ, ಹಾಟ್ ಪ್ಲೇಟ್ ಮೇಲೆ ಕಾಯಿಸುತ್ತೇನೆ. ಕೆಲವು ಸಣ್ಣ ರೆಸಿಸ್ಟರ್ ಒಂದೇ ತುದಿ ಮೇಲೆ ಎದ್ದು ನಿಲ್ಲುತ್ತವೆ. ಸುತ್ತ ಸಾಸಿವೆಗಿಂತ ಸಣ್ಣ ಸೋಲ್ಡರ್ ಗುಂಡುಗಳು ಬೇರೆ. ಪಿಕ್ ಅಂಡ್ ಪ್ಲೇಸ್ ಮಷಿನ್ ತಗೊಂಡರೆ ಸರಿಹೋಗುತ್ತಾ?

ಉತ್ತರ: ಮಷಿನ್ ಈಗ ಬೇಡ. ಅದು ಪಾರ್ಟ್ಸ್ ಇಡುತ್ತೆ ಅಷ್ಟೇ, ನಿಮ್ಮ ತೊಂದರೆ ಇರೋದು ಪೇಸ್ಟ್‌ನಲ್ಲಿ ಮತ್ತು ಬಿಸಿಯಲ್ಲಿ.

ಮೊದಲು ಗುಂಡುಗಳು. ಫ್ರಿಜ್‌ನಿಂದ ತೆಗೆದ ಡಬ್ಬಿಯನ್ನು ತಣ್ಣಗಿರುವಾಗಲೇ ತೆರೀತೀರಾ? ಹಾಗಾದರೆ ಗಾಳಿಯ ತೇವ ಪೇಸ್ಟ್ ಮೇಲೆ ಕೂರುತ್ತೆ, ಕಾಯಿಸಿದಾಗ ಕುದಿದು ಸೋಲ್ಡರ್ ಸಿಡಿಯುತ್ತೆ. ಮುಚ್ಚಳ ತೆಗೆಯದೆ ಮೂರ್ನಾಲ್ಕು ತಾಸು ಹೊರಗಿಡಿ. ಇನ್ನು ನಮ್ಮ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತೆ ಅಲ್ವಾ, ಸ್ಟೆನ್ಸಿಲ್ ಮೇಲೆ ಹರಡಿದ ಪೇಸ್ಟ್ ಬೇಗ ಒಣಗುತ್ತೆ, ಒಣಗಿದ್ದೂ ಗುಂಡು ಕಟ್ಟುತ್ತೆ. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಪ್ರಿಂಟ್ ಮಾಡಿ, ಸ್ವಲ್ಪ ಸ್ವಲ್ಪವೇ ಹಾಕಿ, ಉಳಿದದ್ದನ್ನು ಹೊಸ ಪೇಸ್ಟ್ ಇರುವ ಡಬ್ಬಿಗೆ ವಾಪಸ್ ಸೇರಿಸಲೇಬೇಡಿ. ಬೆಂಗಳೂರಿಂದ ತರಿಸೋದಾದ್ರೆ ರಾತ್ರಿ ಬಸ್ಸಿಗೆ ಹಾಕಿಸಿ, ಬೆಳಿಗ್ಗೆನೇ ಹೋಗಿ ಬಿಡಿಸಿಕೊಳ್ಳಿ. ಬಿಸಿಲಲ್ಲಿ ದಿನವಿಡೀ ಬಿದ್ದಿದ್ದ ಪಾರ್ಸೆಲ್ ಮೇಲೆ ನಂಬಿಕೆ ಇಡೋಕಾಗಲ್ಲ.

ಎದ್ದು ನಿಲ್ಲೋದಕ್ಕೆ ಕಾರಣ ಬೇರೆ. ಪಾರ್ಟ್‌ನ ತುದಿಗಳು ಕೂರುವ ಎರಡು ಪ್ಯಾಡ್‌ಗಳಲ್ಲಿ (ಬೋರ್ಡ್ ಮೇಲಿನ ತಾಮ್ರದ ಜಾಗ) ಒಂದರ ಸೋಲ್ಡರ್ ಮೊದಲು ಕರಗಿದರೆ ಅದು ಪಾರ್ಟ್ ಅನ್ನು ತನ್ನ ಕಡೆ ಎಳೆದುಕೊಳ್ಳುತ್ತೆ, ಇನ್ನೊಂದು ತುದಿ ಮೇಲೇಳುತ್ತೆ. ಈಗ ಹಾಳಾದ ಬೋರ್ಡ್‌ಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿ. ಪ್ರತಿ ಬೋರ್ಡ್‌ನಲ್ಲೂ ಅದೇ ರೆಸಿಸ್ಟರ್ ಎದ್ದಿದ್ದರೆ ತಪ್ಪು ಲೇಔಟ್‌ನದು (ಬೋರ್ಡ್‌ನ ವಿನ್ಯಾಸ), ಬಹುಶಃ ಆ ರೆಸಿಸ್ಟರ್‌ನ ಒಂದು ಪ್ಯಾಡ್ ನೇರವಾಗಿ ಗ್ರೌಂಡ್‌ನ ಅಗಲ ತಾಮ್ರಕ್ಕೆ ಅಂಟಿಕೊಂಡಿದೆ, ತಾಮ್ರ ಬಿಸಿ ಹೀರೋದರಿಂದ ಆ ಕಡೆ ತಡವಾಗಿ ಕರಗುತ್ತೆ. ಮುಂದಿನ ಬ್ಯಾಚ್‌ನಲ್ಲಿ ಥರ್ಮಲ್ ರಿಲೀಫ್ ಕೊಡಿಸಿ, ಅಂದರೆ ಪ್ಯಾಡ್‌ಗೂ ಗ್ರೌಂಡ್‌ಗೂ ನಡುವೆ ತೆಳು ಗೆರೆಗಳಷ್ಟೇ ಇರಲಿ. ಒಂದೊಂದು ಬೋರ್ಡ್‌ನಲ್ಲಿ ಒಂದೊಂದು ಎದ್ದಿದ್ದರೆ ಪೇಸ್ಟ್ ಹೆಚ್ಚುಕಮ್ಮಿ ಬೀಳ್ತಿದೆ, ಇಲ್ಲವೇ ಪಾರ್ಟ್ ಓರೆಯಾಗಿ ಕೂತಿದೆ.

63/37 ಪೇಸ್ಟ್ (63 ಪಾಲು ತವರ, 37 ಪಾಲು ಸೀಸ) 183 ಡಿಗ್ರಿಗೆ ಕರಗುತ್ತೆ. ಒಮ್ಮೆಲೇ ಅಲ್ಲಿಗೆ ಏರಿಸಬೇಡಿ. 150ರ ಆಸುಪಾಸು ಒಂದೂವರೆ ನಿಮಿಷ ನಿಲ್ಲಿಸಿ, ಇಡೀ ಬೋರ್ಡ್ ಒಂದೇ ಬಿಸಿಗೆ ಬರಲಿ, ಆಮೇಲೆ 215ರ ತನಕ ಒಯ್ದು ಇಳಿಸಿ. ಪ್ಲೇಟ್‌ನ ಡಿಸ್‌ಪ್ಲೇ ನಂಬಬೇಡಿ, ಹಳೇ ಬೋರ್ಡ್‌ಗೆ ಥರ್ಮೋಕಪಲ್ (ಬಿಸಿ ಅಳೆಯುವ ವೈರ್) ಅಂಟಿಸಿ ಅಳೆಯಿರಿ.

ದುಡ್ಡು ಹಾಕೋದಿದ್ದರೆ 0.12 ಮಿಲಿಮೀಟರ್‌ನ ಲೇಸರ್ ಕಟ್ ಸ್ಟೀಲ್ ಸ್ಟೆನ್ಸಿಲ್‌ಗೆ ಹಾಕಿ, ಜೊತೆಗೆ ಒಂದು ಒಳ್ಳೆ ಭೂತಗನ್ನಡಿ. ಪ್ರತಿ ಪ್ರಿಂಟ್ ಆದಮೇಲೆ ಪಾರ್ಟ್ಸ್ ಇಡೋಕೆ ಮುಂಚೆ ನೋಡಿ. ಪೇಸ್ಟ್ ಹರಡಿದ್ದರೆ ಐಪಿಎಯಿಂದ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿ ಮತ್ತೆ ಎಳೆಯಿರಿ, ಎರಡು ನಿಮಿಷದ ಕೆಲಸ. ಆ ಗುಂಡುಗಳನ್ನು ಮಾತ್ರ ಇದ್ದರೆ ಇರಲಿ ಅಂತ ಬಿಡಬೇಡಿ. ಸ್ಟಾರ್ಟರ್ ಡಬ್ಬಿ ಅದುರುತ್ತೆ, ಗುಂಡು ಕಳಚಿ ಎರಡು ಪಿನ್ ನಡುವೆ ಕೂತರೆ ರೈತರ ಮೋಟರ್ ನಡುರಾತ್ರಿ ನಿಂತುಹೋಗುತ್ತೆ.

ಇಷ್ಟಾದ ಮೇಲೂ ಎದ್ದರೆ, ಯಾವ ರೆಸಿಸ್ಟರ್, ಎಷ್ಟು ಬೋರ್ಡ್‌ನಲ್ಲಿ ಅಂತ ಲೇಔಟ್ ಫೋಟೋ ಸಮೇತ ಬರೆದು ಕಳಿಸಿ.